ಮರದಿಂದ ಬಿದ್ದ ಕಾಯಿ, ಸೂರ್ಯನ ಕಡೆ ಬಿದ್ದ ಧೂಮಕೇತು

ಇವತ್ತು ಒಂದು ಸೊನ್ನೆ ಅಂಕದ ಕಥೆ ಹೇಳ್ತೀನಿ. ಜೊತೆಗೆ, ಧೂಮಕೇತುವಿನ ವೇಗವನ್ನ ಮನೇಲಿ ಕೂತು ಲೆಕ್ಕ ಹಾಕೋದು ಹೇಗೆ ಅಂತಾನೂ ನೋಡೋಣ. ಕೂಡೋದು, ಕಳೆಯೋದು, ಭಾಗಿಸೋದು, ವರ್ಗಮೂಲ. ಇಷ್ಟು ಗೊತ್ತಿದ್ರೆ ಸಾಕು.

ನಮ್ಮೂರು ಇರೋದು ತಿಪಟೂರು, ತುರುವೇಕೆರೆ ನಡುವೆ. ಸುತ್ತ ತೆಂಗಿನ ತೋಟ. ಹಾಗಾಗಿ ಮನೆ ಮುಂದೆ ನಿಂತ್ರೆ ಆಕಾಶದ ಅಂಚು ಕಾಣೋದೇ ಇಲ್ಲ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಟ್ಸುಚಿನ್ಶಾನ್-ಅಟ್ಲಾಸ್ ಧೂಮಕೇತು ಬಂದಾಗ ನಾನೂ ನನ್ನ ಅಕ್ಕನ ಮಗಳೂ ಬೆಳಗಿನ ಜಾವ ಎದ್ದು ಕೆರೆ ಏರಿ ಮೇಲೆ ಹೋಗಿ ನಿಂತ್ವಿ. ಪೂರ್ವದಲ್ಲಿ, ಬೆಳಕು ಹರಿಯೋಕೆ ಸ್ವಲ್ಪ ಮುಂಚೆ, ಮಸುಕಾದ ಬಾಲ ಕಾಣಿಸ್ತು.

"ಮಾಮ, ಇದು ನಿಂತೇ ಇದೆಯಲ್ಲ? ನಿಜವಾಗ್ಲೂ ಎಷ್ಟು ಸ್ಪೀಡಲ್ಲಿ ಹೋಗ್ತಿದೆ?" ಅಂದಳು. ಆಗಷ್ಟೇ ಮೊದಲ ಪಿಯು ಸೈನ್ಸ್ ಸೇರಿದ್ದಳು. "ಗುರುತ್ವದ ಪಾಠ ಬರಲಿ, ನೀನೇ ಲೆಕ್ಕ ಹಾಕ್ತೀಯ" ಅಂದೆ.

ದೀಪಾವಳಿಗೆ ಊರಿಗೆ ಹೋದಾಗ ಅಕ್ಕ ನನ್ನ ಕೈಗೆ ಮಡಚಿದ ಒಂದು ಉತ್ತರ ಪತ್ರಿಕೆ ಕೊಟ್ಟಳು. "ಸೈನ್ಸ್ ಬಿಡ್ತೀನಿ, ಮುಂದಿನ ವರ್ಷ ಕಾಮರ್ಸ್‌ಗೆ ಸೇರ್ಕೊಂತೀನಿ ಅಂತಿದಾಳೆ. ನೀನೇ ಕೇಳಪ್ಪ" ಅಂದಳು.

ಪ್ರಶ್ನೆ ಇಷ್ಟೇ. ಹ್ಯಾಲಿ ಧೂಮಕೇತು ಸೂರ್ಯನಿಂದ ಅತಿ ದೂರ ಇದ್ದಾಗ, ಅಂದ್ರೆ 35.1 ಖಗೋಳಮಾನದಲ್ಲಿ, ಅದರ ವೇಗ ಸೆಕೆಂಡಿಗೆ 0.91 ಕಿ.ಮೀ. 0.587 ಖಗೋಳಮಾನಕ್ಕೆ ಹತ್ತಿರ ಬಂದಾಗ ವೇಗ ಎಷ್ಟು? (ಒಂದು ಖಗೋಳಮಾನ ಅಂದ್ರೆ ಭೂಮಿಗೂ ಸೂರ್ಯನಿಗೂ ಇರೋ ಸರಾಸರಿ ದೂರ, ಸುಮಾರು 15 ಕೋಟಿ ಕಿ.ಮೀ.) ಹುಡುಗಿಗೆ ಬಂದ ಉತ್ತರ ಸೆಕೆಂಡಿಗೆ ಸುಮಾರು 10,000 ಕಿ.ಮೀ. ಮೇಲೆ ಕೆಂಪು ಗೆರೆ, ಪಕ್ಕದಲ್ಲಿ ಸೊನ್ನೆ. ಎಲ್ಲಿ ತಪ್ಪಾಯ್ತು ಅಂತ ಒಂದು ಮಾತೂ ಬರೆದಿರಲಿಲ್ಲ.

ಅವತ್ತು ತೋಟದಲ್ಲಿ ಕಾಯಿ ಕೀಳ್ತಿದ್ರು. ಅವಳನ್ನ ಕರ್ಕೊಂಡು ಅಲ್ಲಿಗೇ ಹೋದೆ. 20 ಮೀಟರ್ ಎತ್ತರದ ಮರದಿಂದ ಕಾಯಿ ಬಿದ್ದರೆ ನೆಲ ಮುಟ್ಟೋವಾಗ ವೇಗ ಎಷ್ಟು? ಮೇಲಿದ್ದ ಪ್ರಚ್ಛನ್ನ ಶಕ್ತಿ, ಅಂದ್ರೆ ಎಂಜಿಎಚ್, ಬೀಳ್ತಾ ಬೀಳ್ತಾ ಚಲನ ಶಕ್ತಿ ಆಗುತ್ತೆ. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದ್ರೆ ಸೆಕೆಂಡಿಗೆ ಸುಮಾರು 20 ಮೀಟರ್, ಗಂಟೆಗೆ 71 ಕಿ.ಮೀ. ಕಾಯಿಯ ತೂಕ ಎಷ್ಟಾದ್ರೂ ಇರಲಿ, ಲೆಕ್ಕದಲ್ಲಿ ಅದು ಎರಡೂ ಕಡೆ ಹೊಡೆದುಹೋಗುತ್ತೆ. ಕಾಯಿ ಕೀಳೋವಾಗ ಮರದ ಬುಡಕ್ಕೆ ಹೋಗಬೇಡ ಅಂತ ಮನೇಲಿ ಬೈಯೋದು ಸುಮ್ಮನೆ ಅಲ್ಲ.

ಈ ಲೆಕ್ಕ ಅವಳಿಗೆ ಚೆನ್ನಾಗೇ ಬರ್ತಿತ್ತು. ಧೂಮಕೇತುವಿಗೂ ಇದನ್ನೇ ಹಾಕಿದ್ದಳು. 'ಜಿ' ಜಾಗದಲ್ಲಿ 9.8, ಎತ್ತರದ ಜಾಗದಲ್ಲಿ 34.5 ಖಗೋಳಮಾನ. ತಪ್ಪಿದ್ದು ಅಲ್ಲೇ. 9.8 ಅನ್ನೋದು ಭೂಮಿಯ ಮೇಲ್ಮೈನಲ್ಲಿ ಸಿಗೋ ಸಂಖ್ಯೆ. ಮರದ ಬುಡದಿಂದ ತುದಿವರೆಗೆ ಅದು ಬದಲಾಗಲ್ಲ ಅನ್ನಬಹುದು. ಆದ್ರೆ ಹ್ಯಾಲಿಯನ್ನ ಎಳೀತಿರೋದು ಸೂರ್ಯ. ಭೂಮಿ ಇರೋ ದೂರದಲ್ಲೇ ಆ ಎಳೆತದ ವೇಗೋತ್ಕರ್ಷ ಬರೀ 0.006. ಹ್ಯಾಲಿಯ ದೂರದ ತುದಿಯಲ್ಲಿ ಅದಕ್ಕಿಂತ ಸುಮಾರು 1,200 ಪಟ್ಟು ಕಡಿಮೆ.

ಅಕ್ಕ ಕಾಯಿ ರಾಶಿ ಮಾಡ್ತಾ ಕೇಳಿಸ್ಕೊಂತಿದ್ದಳು. "ಇವತ್ತಿನ ಕೊಬ್ಬರಿ ಧಾರಣೆ ಹಿಡ್ಕೊಂಡು ಹತ್ತು ವರ್ಷದ ಲೆಕ್ಕ ಬರೆದಂಗಾಯ್ತು ಬಿಡು" ಅಂದಳು. ತಿಪಟೂರು ಮಾರುಕಟ್ಟೆ ನೋಡಿದವರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ. ಅಷ್ಟಷ್ಟು ದೂರಕ್ಕೆ ಅಲ್ಲಲ್ಲಿನ ಧಾರಣೆ ಹಾಕಿ ಕೂಡಿದ್ರೆ ಸಿಗೋ ಸೂತ್ರದಲ್ಲಿ ಪ್ರಚ್ಛನ್ನ ಶಕ್ತಿ ದೂರದಿಂದ ಭಾಗಿಸಿದ ಹಾಗೆ ಬದಲಾಗುತ್ತೆ, ಅದೂ ಮೈನಸ್ ಗುರುತಿನಲ್ಲಿ.

ಇದಕ್ಕೊಂದು ಸುಲಭದ ದಾರಿ ಇದೆ. ಭೂಮಿ ಇರೋ ದೂರದಿಂದ ಸೂರ್ಯನ ಹಿಡಿತ ಬಿಡಿಸ್ಕೊಂಡು ಹೋಗೋಕೆ ಸೆಕೆಂಡಿಗೆ 42.12 ಕಿ.ಮೀ. ವೇಗ ಬೇಕು. ಅದರ ವರ್ಗ 1,774. ಈ ಒಂದು ಸಂಖ್ಯೆ ನೆನಪಿಟ್ಕೊಳ್ಳಿ. 1,774ನ್ನ ದೂರದಿಂದ ಭಾಗಿಸಿ, ಬಂದದ್ದನ್ನ ವೇಗದ ವರ್ಗದಿಂದ ಕಳೀರಿ. ಉತ್ತರ ಇಡೀ ಕಕ್ಷೆಯಲ್ಲಿ ಒಂದೇ ಇರುತ್ತೆ. ಶಕ್ತಿ ಸಂರಕ್ಷಣೆ ಅಂದ್ರೆ ಇಲ್ಲಿ ಇಷ್ಟೇ.

ದೂರದ ತುದಿ: 1,774 ಭಾಗಿಸು 35.1 ಅಂದ್ರೆ 50.5. ವೇಗದ ವರ್ಗ 0.83. ಕಳೆದರೆ ಮೈನಸ್ 49.7. ಹತ್ತಿರದ ತುದಿ: 1,774 ಭಾಗಿಸು 0.587 ಅಂದ್ರೆ 3,022. ಅಲ್ಲೂ ಮೈನಸ್ 49.7 ಬರಬೇಕಾದ್ರೆ ವೇಗದ ವರ್ಗ ಸುಮಾರು 2,972 ಇರಬೇಕು. ವರ್ಗಮೂಲ 54.5. ಸೆಕೆಂಡಿಗೆ 54.5 ಕಿ.ಮೀ.! ಆ ವೇಗದಲ್ಲಿ ತಿಪಟೂರಿಂದ ಬೆಂಗಳೂರಿಗೆ ಮೂರು ಸೆಕೆಂಡು ಸಾಕು.

"ಮಾಮ, ಅದು ನೇರ ಬೀಳಲ್ಲವಲ್ಲ, ಸುತ್ತು ಹಾಕ್ಕೊಂಡು ಬರುತ್ತಲ್ಲ?" ಅಂದಳು. ಒಳ್ಳೇ ಪ್ರಶ್ನೆ. ಶಕ್ತಿಯ ಲೆಕ್ಕ ದಿಕ್ಕು ಕೇಳಲ್ಲ. ದೂರ, ವೇಗ ಇವೆರಡೇ ಕೇಳುತ್ತೆ. ದಿಕ್ಕಿನ ಲೆಕ್ಕ ಕೋನೀಯ ಸಂವೇಗದ್ದು. ಎರಡು ತುದಿಗಳಲ್ಲಿ ದೂರ ಮತ್ತು ವೇಗದ ಗುಣಲಬ್ಧ ಒಂದೇ ಬರಬೇಕು. 35.1 ಗುಣಿಸು 0.91, ಸುಮಾರು 32. 0.587 ಗುಣಿಸು 54.5, ಅದೂ 32. ತಾಳೆ ಆಯ್ತು.

ಇನ್ನು ಆ ಮೈನಸ್. ಅದು ಸೂರ್ಯನ ಹತ್ರ ಇರೋ ಸಾಲ. ಸಾಲ ತೀರಿಲ್ಲ, ಅದಕ್ಕೇ ಹ್ಯಾಲಿ ಸುಮಾರು 76 ವರ್ಷಕ್ಕೊಮ್ಮೆ ತಿರುಗಿ ಬರುತ್ತೆ. 1986ರಲ್ಲಿ ಬಂದಿತ್ತು. 2023ರ ಡಿಸೆಂಬರ್‌ನಲ್ಲಿ ದೂರದ ತುದಿ ದಾಟಿ ಈಗ ವಾಪಸ್ ಬೀಳೋಕೆ ಶುರು ಮಾಡಿದೆ. ಹತ್ತಿರ ಬರೋದು 2061ರ ಜುಲೈನಲ್ಲಿ. ಆಗ ನನ್ನ ಅಕ್ಕನ ಮಗಳಿಗೆ 50 ದಾಟಿರುತ್ತೆ. ಕೇಳ್ತಿರೋ ನೀವು ಬಹಳಷ್ಟು ಜನ ಅದನ್ನ ನೋಡ್ತೀರಿ. ನಾನು ಇರ್ತೀನೋ ಇಲ್ವೋ.

ಕಾಮರ್ಸ್ ಓದೋದು ತಪ್ಪೇನಲ್ಲ. ಅವಳಿಗೂ ಅದನ್ನೇ ಹೇಳಿದೆ. ಆದ್ರೆ ಅವಳು ಬರೆದ ಮೊದಲ ಸಾಲು, "ಒಟ್ಟು ಶಕ್ತಿ ಬದಲಾಗುವುದಿಲ್ಲ", ಅದು ಸರಿ ಇತ್ತು. ಒಂದು ಧಾರಣೆ ತಪ್ಪು ಹಾಕಿದ್ದಕ್ಕೆ ವ್ಯಾಪಾರಾನೇ ಬರಲ್ಲ ಅಂತ ಯಾರೂ ಅಂಗಡಿ ಮುಚ್ಚಲ್ಲ. ಅವಳು ಸುಮ್ಮನೆ ಪೆನ್ನು ತಗೊಂಡು, ಕೆಂಪು ಗೆರೆಯ ಕೆಳಗೇ ಮತ್ತೊಮ್ಮೆ ಲೆಕ್ಕ ಮಾಡಿದಳು. ಸದ್ಯಕ್ಕೆ ಸೈನ್ಸಲ್ಲೇ ಇದ್ದಾಳೆ.

ಈಗ ನಿಮಗೊಂದು ಮನೆಗೆಲಸ. ಕೆರೆ ಏರಿಯಿಂದ ನಾವು ನೋಡಿದ ಟ್ಸುಚಿನ್ಶಾನ್-ಅಟ್ಲಾಸ್ 2024ರ ಸೆಪ್ಟೆಂಬರ್ 27ರಂದು ಸೂರ್ಯನಿಂದ 0.391 ಖಗೋಳಮಾನ ದೂರದಲ್ಲಿತ್ತು. ಅದು ತುಂಬಾ ದೂರದಿಂದ ಬಂದದ್ದು, ಸಾಲ ಹೆಚ್ಚುಕಡಿಮೆ ಸೊನ್ನೆ. ಮೊಬೈಲ್‌ನ ಕ್ಯಾಲ್ಕುಲೇಟರ್ ತೆಗೀರಿ. 67 ಚಿಲ್ಲರೆ ಬಂದ್ರೆ ನಿಮ್ಮ ಲೆಕ್ಕ ಸರಿ. ಬರದಿದ್ರೆ ಎಲ್ಲಿ ತಪ್ಪಾಯ್ತು ಅಂತ ಹುಡುಕಿ.