ಕೈಗೆಟುಕಿದ ಕ್ಯಾಮೆರಾ



ಬ್ಯಾಡಗಿಯ ಮಾರುಕಟ್ಟೆಗೆ ಮೆಣಸಿನಕಾಯಿ ಬರುವ ದಿನಗಳಲ್ಲಿ ಊರಿಗೆ ಊರೇ ಕೆಂಪಾಗಿರುತ್ತದೆ. ಘಾಟಿಗೆ ಕೆಮ್ಮುತ್ತ ಚೀಲ ಹೊರುವ ಹಮಾಲರು, ತೊಟ್ಟು ಬಿಡಿಸುವ ಹೆಣ್ಣುಮಕ್ಕಳು, ಟೆಂಡರಿನ ಬೆಲೆಗೆ ಕಾದು ಕುಳಿತ ರೈತರು, ಇವರೆಲ್ಲರ ಮಾತಿನಲ್ಲಿಯೂ ಕಥೆಗಳಿವೆ. ಹಾವೇರಿಯ ತರುಣನೊಬ್ಬ ಹಿಂದೆ ಇದನ್ನು ಚಲನಚಿತ್ರವಾಗಿಸಲು ಬಯಸಿದ್ದರೆ ಏನಾಗುತ್ತಿತ್ತು?

35 ಮಿ.ಮೀ. ಫಿಲ್ಮು ಸೆಕೆಂಡಿಗೆ 24 ಚೌಕಟ್ಟುಗಳಂತೆ ನಿಮಿಷಕ್ಕೆ 90 ಅಡಿ ಓಡುತ್ತದೆ. 1000 ಅಡಿಯ ಸುರುಳಿ ಸುಮಾರು 11 ನಿಮಿಷಕ್ಕೆ ಮುಗಿಯುತ್ತದೆ. ಸುರುಳಿಯ ಬೆಲೆ, ಕ್ಯಾಮೆರಾ ಬಾಡಿಗೆ, ಸಂಸ್ಕರಣೆಯ ಖರ್ಚು ಬೇರೆ ಬೇರೆ. ನಟ ಒಮ್ಮೆ ಮಾತು ತಪ್ಪಿದರೆ ಹಣ ಹೋದಂತೆಯೇ.

2008ರಲ್ಲಿ ಬಂದ ಕ್ಯಾನನ್ 5ಡಿ ಮಾರ್ಕ್ 2, ಸ್ಥಿರಚಿತ್ರದ ಕ್ಯಾಮೆರಾದಲ್ಲಿಯೇ ಪೂರ್ಣ ಎಚ್.ಡಿ. ಚಿತ್ರೀಕರಣವನ್ನು ಸಾಧ್ಯವಾಗಿಸಿತು. 2012ರಲ್ಲಿ ಬ್ಲ್ಯಾಕ್‌ಮ್ಯಾಜಿಕ್ ಸಂಸ್ಥೆ 3000 ಡಾಲರಿಗಿಂತ ತುಸು ಕಡಿಮೆ ಬೆಲೆಗೆ ಸಿನಿಮಾ ಕ್ಯಾಮೆರಾವನ್ನೇ ಪ್ರಕಟಿಸಿತು. ಇಂದು ಮದುವೆ ಚಿತ್ರಿಸುವ ಊರಿನ ಸ್ಟುಡಿಯೋದವರ ಕೈಯಲ್ಲಿಯೂ ಒಳ್ಳೆಯ ಡಿಜಿಟಲ್ ಕ್ಯಾಮೆರಾ ಇರುತ್ತದೆ.

ಇದರಿಂದ ಉಳಿದದ್ದು ಹಣವೊಂದೇ ಅಲ್ಲ. ಕಾಯುವ ಅವಕಾಶವೂ ದೊರೆಯಿತು. ಎಂದೂ ನಟಿಸದವರು ತಪ್ಪುತ್ತ, ತಿದ್ದಿಕೊಳ್ಳುತ್ತ ಸಹಜವಾಗಿ ಮಾತಾಡುವವರೆಗೆ ಕಾಯಬಹುದು. ಅರಣ್ಯ ಇಲಾಖೆಯ ಅನುಮತಿ ಪಡೆದು, ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ ಕೃಷ್ಣಮೃಗ ನೆಗೆಯುವ ಕ್ಷಣಕ್ಕಾಗಿ ಕ್ಯಾಮೆರಾ ಓಡಿಸುತ್ತಲೇ ಕೂರಬಹುದು.

ಹಳ್ಳಿಯ ಜನರನ್ನೇ ನಟರಾಗಿಸಿದ ಚಿತ್ರಗಳು ಈ ಡಿಜಿಟಲ್ ಕಾಲದಲ್ಲಿ ದೂರ ಹೋಗಿವೆ. ಮಂಡ್ಯ ಸೀಮೆಯಲ್ಲಿ ರಾಮ್ ರೆಡ್ಡಿಯವರು ನಿರ್ದೇಶಿಸಿದ 'ತಿಥಿ' 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ನಮಗೆ ಇನ್ನೂ ಹತ್ತಿರದ ಕೊಪ್ಪಳ ಜಿಲ್ಲೆಯ ಹಳ್ಳಿಯಲ್ಲಿ ಜೈಶಂಕರ್ ಆರ್ಯರ್ ನಿರ್ದೇಶಿಸಿದ 'ಶಿವಮ್ಮ' 2022ರಲ್ಲಿ ಬುಸಾನ್ ಚಿತ್ರೋತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ಗಳಿಸಿತು. ಹಲವು ಚಿತ್ರಗಳಲ್ಲಿ ಕೇವಲ ನಗಿಸಲು ಬಳಕೆಯಾದ ಉತ್ತರ ಕರ್ನಾಟಕದ ಮಾತು, ಇಲ್ಲಿ ಬದುಕಿನ ಮಾತಾಗಿಯೇ ಕೇಳಿಸಿತು.

ಆದರೆ ಕ್ಯಾಮೆರಾ ಅಗ್ಗವಾದ ಮಾತ್ರಕ್ಕೆ ಚಿತ್ರ ಅಗ್ಗವಾಗದು. ಮಾರುಕಟ್ಟೆಯ ಗದ್ದಲದಲ್ಲಿ, ತುಂಗಭದ್ರೆಯ ದಂಡೆಯ ಗಾಳಿಯಲ್ಲಿ ಮಾತನ್ನು ಸ್ಪಷ್ಟವಾಗಿ ಹಿಡಿಯಲು ಒಳ್ಳೆಯ ಮೈಕು, ಪಳಗಿದ ಕಿವಿ ಎರಡೂ ಬೇಕು. ಚಿತ್ರಿಸಿದ್ದನ್ನು ಕನಿಷ್ಠ ಎರಡು ಡಿಸ್ಕುಗಳಲ್ಲಿ, ಎರಡು ಕಡೆ ಕಾಪಾಡಬೇಕು. ಇದ್ದ ಒಂದೇ ಡಿಸ್ಕು ಕೆಟ್ಟರೆ ವರ್ಷದ ದುಡಿಮೆ ಹೋದಂತೆ. ಕೊನೆಗೆ, ಚಿತ್ರಮಂದಿರದಲ್ಲಿ ತೋರಿಸಲು ಸೆನ್ಸಾರ್ ಪ್ರಮಾಣಪತ್ರ, ಪ್ರಚಾರ, ಪರದೆ ಎಲ್ಲವೂ ಬೇಕು. ಇವುಗಳಿಗೂ ಹಣ ತೆಗೆದಿಡದೆ ಚಿತ್ರೀಕರಣಕ್ಕೆ ಹೊರಡುವುದು ಬಿತ್ತಿದ ಮೇಲೆ ನೀರು ಹುಡುಕಿದಂತೆ.

ಆದ್ದರಿಂದ ತರುಣ ಮಿತ್ರರು ಮೊದಲು ಹತ್ತು ನಿಮಿಷದ ಚಿತ್ರ ಮಾಡಲಿ. ಅದನ್ನು ಯಾರ ಬದುಕಿನಿಂದ ಪಡೆದರೋ ಆ ಹಮಾಲರಿಗೆ, ಆ ತಾಯಂದಿರಿಗೆ ಮೊದಲು ತೋರಿಸಲಿ. 'ಇದು ನಮ್ಮ ಮಾತೇ ಹೌದು' ಎಂದು ಅವರು ಒಪ್ಪಿದರೆ, ಮುಂದಿನ ದೊಡ್ಡ ಚಿತ್ರಕ್ಕೆ ಅದೇ ಬಂಡವಾಳ.