ಗ್ರಂಥಾಲಯದ ಸುರಕ್ಷತೆ: ಯಾರಿಗಾಗಿ, ಯಾವುದರಿಂದ?

(ವಿದ್ಯಾರ್ಥಿನಿಯರ ಸಭೆಯೊಂದರಲ್ಲಿ ಮಾಡಿದ ಭಾಷಣ)

ವರದಕ್ಷಿಣೆ ಸಾವು, ಗಂಡನ ಮನೆಯ ಹಿಂಸೆ ಇವುಗಳ ಬಗ್ಗೆ ಮಾತನಾಡುವ ನಾವು ಇವತ್ತು ವಿಶ್ವವಿದ್ಯಾಲಯದ ಗ್ರಂಥಾಲಯದ ವಿಷಯ ಎತ್ತಿಕೊಂಡಿರುವುದು ಕೆಲವರಿಗೆ ವಿಚಿತ್ರವಾಗಿ ಕಾಣಬಹುದು. ಆದರೆ ಗ್ರಂಥಾಲಯದಲ್ಲಿ ಒಬ್ಬಳು ಹುಡುಗಿಗೆ ತೊಂದರೆಯಾಯಿತು ಎಂಬ ಸುದ್ದಿ ಮನೆ ಮುಟ್ಟಿದರೆ ಆಗುವುದೇನು? "ಓದಿದ್ದು ಸಾಕು" ಎಂದು ಬಿಡಿಸುತ್ತಾರೆ, ಗಂಡು ಹುಡುಕಲು ಶುರು ಮಾಡುತ್ತಾರೆ. ತೊಂದರೆ ಕೊಟ್ಟವನ ಓದು ಮಾತ್ರ ಮುಂದುವರಿಯುತ್ತದೆ. ಇದು ಗೊತ್ತಿರುವುದರಿಂದಲೇ ಎಷ್ಟೋ ಹುಡುಗಿಯರು ಬಾಯಿ ಬಿಡದೆ ಗ್ರಂಥಾಲಯಕ್ಕೆ ಹೋಗುವುದನ್ನೇ ನಿಲ್ಲಿಸುತ್ತಾರೆ. ಮನೆಯಲ್ಲಿ ಓದಲು ಜಾಗವಿಲ್ಲದವರಿಗೆ, ಪುಸ್ತಕ ಕೊಳ್ಳಲಾಗದವರಿಗೆ ಇದು ಸಣ್ಣ ನಷ್ಟವಲ್ಲ.

ಆಡಳಿತದವರು "ಭದ್ರತೆ" ಎಂದಾಗ ಮೊದಲು ನೋಡುವುದು ಪುಸ್ತಕದ ಕಳ್ಳತನವನ್ನು. ಕಿಟಕಿಗೆ ಕಬ್ಬಿಣದ ಜಾಲರಿ, ಹಿಂಬಾಗಿಲಿಗೆ ಬೀಗ, ಬ್ಯಾಗಿನ ತಪಾಸಣೆ. ಹೆಣ್ಣುಮಕ್ಕಳ ಪ್ರಶ್ನೆ ಬಂದಾಗಲೂ ಇದೇ ಬುದ್ಧಿ ಓಡುತ್ತದೆ: ಇವರನ್ನೂ ಬೀಗದೊಳಗೆ ಇಟ್ಟರಾಯಿತು.

ಇದಕ್ಕೆ ದೊಡ್ಡ ಉದಾಹರಣೆ ಆಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ್ದು. ಅಲ್ಲಿನ ಮಹಿಳಾ ಕಾಲೇಜಿನ ಪದವಿ ವಿದ್ಯಾರ್ಥಿನಿಯರಿಗೆ ವಿಶ್ವವಿದ್ಯಾಲಯದ ಮುಖ್ಯ ಗ್ರಂಥಾಲಯವಾದ ಮೌಲಾನಾ ಆಜಾದ್ ಲೈಬ್ರರಿಗೆ ಪ್ರವೇಶವಿರಲಿಲ್ಲ. 2014ರಲ್ಲಿ ಅವರು ಪ್ರವೇಶ ಕೇಳಿದಾಗ ಕುಲಪತಿಗಳು, ಜಾಗವಿಲ್ಲ, ಹುಡುಗಿಯರು ಬಂದರೆ ನಾಲ್ಕು ಪಟ್ಟು ಹುಡುಗರು ಬರುತ್ತಾರೆ ಎಂಬರ್ಥದ ಮಾತಾಡಿದರು. ಹುಡುಗರು ಬಂದರೆ ಹೊರಗಿರಬೇಕಾದವರು ಹುಡುಗಿಯರೇ! ದೇಶದಾದ್ಯಂತ ಪ್ರತಿಭಟನೆಯಾಯಿತು. ಅದೇ ನವೆಂಬರಿನಲ್ಲಿ ಅಲಹಾಬಾದ್ ಹೈಕೋರ್ಟು ಅವರಿಗೆ ಪ್ರವೇಶ ಕೊಡಬೇಕೆಂದು ಹೇಳಿತು. ಕಾಲೇಜಿನ ಫೆಲೋ ಒಬ್ಬರು ಜೊತೆಗಿಲ್ಲದೆ ಅಥವಾ ಪರಿಚಯ ಪತ್ರವಿಲ್ಲದೆ ಹೆಂಗಸಿಗೆ ಗ್ರಂಥಾಲಯಕ್ಕೆ ಪ್ರವೇಶವಿಲ್ಲ ಎಂದು ಬಾಗಿಲಲ್ಲೇ ತಡೆಯುವ ಪ್ರಸಂಗವನ್ನು ಇಂಗ್ಲೆಂಡಿನ ವರ್ಜೀನಿಯಾ ವುಲ್ಫ್ ತಮ್ಮ 'ಎ ರೂಮ್ ಆಫ್ ಒನ್ಸ್ ಓನ್' ಪುಸ್ತಕದಲ್ಲಿ ಬರೆದದ್ದು 1929ರಲ್ಲಿ. ಅದಾಗಿ ಎಂಬತ್ತೈದು ವರ್ಷದ ಮೇಲೆ ನಮ್ಮ ದೇಶದಲ್ಲಿ ಇದಕ್ಕಾಗಿ ಕೋರ್ಟು ಹತ್ತಬೇಕಾಯಿತು.

ಈಗ ಕಾನೂನು ಏನು ಹೇಳುತ್ತದೆ? 1997ರ ವಿಶಾಖಾ ತೀರ್ಪು, 2013ರ ಕಾಯಿದೆ ಇವುಗಳ ನಂತರ ಯುಜಿಸಿ 2015ರ ನಿಯಮಾವಳಿಯನ್ನು ರೂಪಿಸಿತು. 2016ರಲ್ಲಿ ಅದು ಜಾರಿಗೆ ಬಂತು. ಅದರಲ್ಲಿ 'ಕ್ಯಾಂಪಸ್' ಎಂದರೆ ತರಗತಿ ಮಾತ್ರವಲ್ಲ. ಗ್ರಂಥಾಲಯ, ಶೌಚಾಲಯ, ವಾಹನ ನಿಲ್ದಾಣ ಎಲ್ಲವೂ ಸೇರಿವೆ. ಹಾಸ್ಟೆಲು, ಗ್ರಂಥಾಲಯ, ಪ್ರಯೋಗಾಲಯಗಳ ನಡುವೆ ಸರಿಯಾದ ವಾಹನ ಸೌಕರ್ಯ ಇರಬೇಕು ಎಂದಿದೆ. ಇನ್ನೂ ಮುಖ್ಯವಾದದ್ದು, ಸುರಕ್ಷತೆಯ ನೆಪದಲ್ಲಿ ಮಹಿಳೆಯರ ಓಡಾಟವನ್ನು ಮೊಟಕುಗೊಳಿಸಬಾರದು, ಹಾಸ್ಟೆಲಿನಲ್ಲಿ ಹುಡುಗಿಯರಿಗೊಂದು ಹುಡುಗರಿಗೊಂದು ನಿಯಮ ಮಾಡಬಾರದು ಎಂದೂ ಸ್ಪಷ್ಟವಾಗಿ ಹೇಳಿದೆ. ಹುಡುಗಿಯರ ಹಾಸ್ಟೆಲಿನ ಗೇಟು ಸಂಜೆಯೇ ಮುಚ್ಚಿ, ಗ್ರಂಥಾಲಯ ರಾತ್ರಿಯವರೆಗೆ ತೆರೆದಿರುವ ಕಡೆ ಈ ಮಾತನ್ನು ಎತ್ತಿ ತೋರಿಸಬೇಕು.

ಹಾಗಾದರೆ ನಾವು ಕೇಳಬೇಕಾದದ್ದೇನು? ದೊಡ್ಡ ಖರ್ಚಿನದೇನಲ್ಲ. ಪುಸ್ತಕದ ಕಪಾಟುಗಳ ಸಾಲುಗಳಲ್ಲಿ ಕೊನೆಯವರೆಗೂ ದೀಪ ಉರಿಯಬೇಕು. ಸಿಬ್ಬಂದಿ ಕೌಂಟರಿನಲ್ಲಷ್ಟೇ ಕೂರದೆ ಒಳಗೂ ಓಡಾಡುತ್ತಿರಬೇಕು. ಶೌಚಾಲಯ ಹತ್ತಿರವಿರಬೇಕು, ಅದರ ಚಿಲಕ ಸರಿಯಿರಬೇಕು. ತುರ್ತು ಬಾಗಿಲನ್ನು ಓದುವವರಿರುವ ವೇಳೆ ಹೊರಗಿನಿಂದ ಬೀಗ ಹಾಕಬಾರದು. ಬೆಂಕಿ ಬಿದ್ದರೆ ಕಳ್ಳನಿಗೆಂದು ಹಾಕಿದ ಬೀಗವೇ ಓದುವವರ ಪ್ರಾಣ ತೆಗೆಯುತ್ತದೆ. ಮುಚ್ಚುವ ವೇಳೆಗೆ ಹಾಸ್ಟೆಲಿಗೆ ಹೋಗುವ ದಾರಿಯಲ್ಲಿ ಬೆಳಕು, ಬಸ್ಸು ಎರಡೂ ಇರಬೇಕು.

ಬಾಗಿಲಲ್ಲಿರುವ ರಿಜಿಸ್ಟರನ್ನು ನೋಡಿ. ಹೆಸರು, ವಿಭಾಗ, ಫೋನ್ ನಂಬರು ಬರೆದು ನಾವು ಒಳಗೆ ಹೋಗುತ್ತೇವೆ. ನಮ್ಮ ಹಿಂದೆ ಬಂದವನು ಅದನ್ನೆಲ್ಲ ಓದಿಕೊಳ್ಳಬಹುದು. ರಾತ್ರಿ ಅನಾಮಧೇಯ ಕರೆ ಬರಲು ಇಷ್ಟು ಸಾಕು. ಅಲ್ಲಿ ಫೋನ್ ನಂಬರು ಕೇಳಬೇಡಿ, ಗುರುತಿನ ಚೀಟಿಯ ಸಂಖ್ಯೆ ಸಾಕು ಎಂದು ಹೇಳೋಣ. ಕ್ಯಾಮರಾ ಹಾಕಿದ್ದೇವಲ್ಲ ಎಂದರೆ, ಅದನ್ನು ನೋಡುವವರು ಯಾರು, ಚಿತ್ರಗಳನ್ನು ಎಷ್ಟು ದಿನ ಇಡುತ್ತೀರಿ, ಅವು ಯಾರ ಕೈಗೆ ಸಿಗುತ್ತವೆ ಎಂದು ಕೇಳೋಣ.

ದೂರಿನ ವಿಷಯ. ಆಂತರಿಕ ದೂರು ಸಮಿತಿಯ ಸದಸ್ಯರ ಹೆಸರು, ನಂಬರು ಗ್ರಂಥಾಲಯದ ಗೋಡೆಯ ಮೇಲೆ ಇರಬೇಕು. ಸಮಿತಿಯಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು. ವಿದ್ಯಾರ್ಥಿಗಳಿಗೆ ಸಂಬಂಧಿಸಿದ ದೂರಾದರೆ ಚುನಾಯಿತ ವಿದ್ಯಾರ್ಥಿ ಪ್ರತಿನಿಧಿಗಳೂ ಇರಬೇಕು. ಘಟನೆಯಾದ ಮೂರು ತಿಂಗಳೊಳಗೆ ದೂರು ಬರೆದು ಕೊಡಬೇಕು. ತಡವಾದದ್ದಕ್ಕೆ ಕಾರಣವಿದ್ದರೆ ಸಮಿತಿ ಮತ್ತೆ ಮೂರು ತಿಂಗಳು ಕೊಡಬಹುದು. ಹಿಂಬಾಲಿಸುವುದು, ಕದ್ದು ಚಿತ್ರ ತೆಗೆಯುವುದು ಇವು ಪೊಲೀಸರಿಗೂ ದೂರು ಕೊಡಬಹುದಾದ ಅಪರಾಧಗಳು. "ನಿನ್ನ ಭವಿಷ್ಯ ನೋಡಿಕೋ" ಎಂದು ಯಾರಾದರೂ ಬುದ್ಧಿ ಹೇಳಿದರೆ, ಭವಿಷ್ಯಕ್ಕಾಗಿಯೇ ಗ್ರಂಥಾಲಯಕ್ಕೆ ಬಂದದ್ದು ಎಂದು ಹೇಳಿ.

ಗೆಳತಿಯರೆ, ಮುಂದಿನ ವಾರ ನಾಲ್ಕೈದು ಜನ ಸೇರಿ ಒಂದು ಸಂಜೆ ನಿಮ್ಮ ಗ್ರಂಥಾಲಯವನ್ನು ಮುಚ್ಚುವವರೆಗೂ ಸುತ್ತಿ ನೋಡಿ. ಎಲ್ಲಿ ದೀಪವಿಲ್ಲ, ಎಲ್ಲಿ ಬೀಗವಿದೆ, ಎಲ್ಲಿಗೆ ಹೋಗಲು ಹೆದರಿಕೆಯಾಗುತ್ತದೆ, ಪಟ್ಟಿ ಮಾಡಿ. ಗ್ರಂಥಪಾಲಕರಿಗೆ ಒಂದು, ದೂರು ಸಮಿತಿಗೆ ಒಂದು ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅಲ್ಲಿ ಕೆಲಸ ಮಾಡುವ ಹೆಂಗಸರನ್ನೂ ಕರೆದುಕೊಳ್ಳಿ, ಕಸ ಗುಡಿಸುವವರಿಗೆ ಆ ಕಟ್ಟಡದ ಮೂಲೆಮೂಲೆಯೂ ಗೊತ್ತು.