ಗೆದ್ದವರು ಯಾರ ಪ್ರತಿನಿಧಿ?



ಈ ಉಪನ್ಯಾಸದ ದತ್ತಿ ಇಟ್ಟ ಮನೆತನದವರು ವಿಷಯದ ಆಯ್ಕೆಯನ್ನು ನನಗೇ ಬಿಟ್ಟರು. ನಾನು ಧರ್ಮ ಸಹಿಷ್ಣುತೆಯನ್ನು ಆರಿಸಿಕೊಂಡೆ. ಆದರೆ ಆ ದೊಡ್ಡ ಮಾತಿನ ಒಂದು ಮಗ್ಗುಲನ್ನು ಮಾತ್ರ ಇವತ್ತು ಹಿಡಿಯುತ್ತೇನೆ. ನಾವೇ ಮತ ಹಾಕಿ ಗೆಲ್ಲಿಸಿದವರು ಇಸ್ಲಾಂ ಬಗ್ಗೆ, ಮುಸ್ಲಿಂ ನೆರೆಯವರ ಬಗ್ಗೆ ವೇದಿಕೆಯ ಮೇಲೆ ನಿಂತು ಆಡುವ ಮಾತು ಎಲ್ಲಿಂದ ಬರುತ್ತದೆ, ಅದರಿಂದ ಏನಾಗುತ್ತದೆ ಎಂಬುದನ್ನು ಬೀದರ್ ಜಿಲ್ಲೆಯ ಈ ನೆಲದಲ್ಲಿ ನಿಂತೇ ಕೇಳಬೇಕು.

ದೂರದ ಉದಾಹರಣೆ ಬೇಡ. 2025ರ ಮೇ 24ರಂದು ಕಲಬುರಗಿಯಲ್ಲಿ ಬಿಜೆಪಿಯ ಪ್ರತಿಭಟನೆ ನಡೆಯಿತು. ವಿಧಾನ ಪರಿಷತ್ತಿನ ವಿರೋಧ ಪಕ್ಷದ ನಾಯಕರನ್ನು ಚಿತ್ತಾಪುರದ ಅತಿಥಿಗೃಹದಲ್ಲಿ ಕಾಂಗ್ರೆಸ್ ಕಾರ್ಯಕರ್ತರು ಹೊರಬರಲು ಬಿಡದೆ ಮುತ್ತಿದ್ದರು. ಅದನ್ನು ಖಂಡಿಸಿ ಸೇರಿದ ಸಭೆ ಅದು. ದೂರಿನಲ್ಲಿ ಹುರುಳಿತ್ತು. ಜಿಲ್ಲಾಡಳಿತ ಆಳುವ ಪಕ್ಷದ ಮಾತು ಕೇಳುತ್ತಿದೆ ಎಂದು ಆಪಾದಿಸುವ ಹಕ್ಕು ವಿರೋಧ ಪಕ್ಷಕ್ಕೆ ಪೂರ್ತಿಯಾಗಿ ಇದೆ. ಆದರೆ ಪರಿಷತ್ತಿನಲ್ಲಿ ಆ ಪಕ್ಷದ ಮುಖ್ಯ ಸಚೇತಕರಾದ ಎನ್. ರವಿಕುಮಾರ್ ಅವರು ಜಿಲ್ಲಾಧಿಕಾರಿ ಫೌಜಿಯಾ ತರನ್ನುಮ್ ಅವರು ಪಾಕಿಸ್ತಾನದಿಂದ ಬಂದವರೋ ಏನೋ ಎಂಬರ್ಥದ ಮಾತಾಡಿದರು. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಕೇಳಿದರೆ ಅವರು ಅಲ್ಲಿಂದಲೇ ಬಂದಂತೆ ಕಾಣುತ್ತದೆ ಎಂದು ರವಿಕುಮಾರ್ ಇನ್ನೊಂದು ಹೆಜ್ಜೆ ಮುಂದೆ ಹೋದರು.

ಐಎಎಸ್ ಅಧಿಕಾರಿಗಳ ಸಂಘ ಇದನ್ನು ಖಂಡಿಸಿತು. ಕಲಬುರಗಿಯಲ್ಲಿ ಪ್ರಕರಣ ದಾಖಲಾಯಿತು. ಹೈಕೋರ್ಟ್ ರವಿಕುಮಾರ್ ಅವರಿಗೆ ಬಂಧನದಿಂದ ರಕ್ಷಣೆ ಕೊಟ್ಟಿತಾದರೂ ಆ ಅಧಿಕಾರಿಯ ಕ್ಷಮೆ ಕೇಳಬೇಕೆಂದು ಮೌಖಿಕವಾಗಿ ಹೇಳಿತು. ಅವರೂ ವಿಷಾದ ಸೂಚಿಸಿದರು. ಸುದ್ದಿ ಅಲ್ಲಿಗೆ ಮುಗಿಯಿತು. ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಚಪ್ಪಾಳೆ. ಮೊದಲ ಮಾತಿಗೂ ಎರಡನೆಯ ಮಾತಿಗೂ ನಡುವೆ ಅದು ಇಲ್ಲದಿದ್ದರೆ? ಸಭೆ ಸುಮ್ಮನೆ ಕುಳಿತಿದ್ದರೆ? ಭಾಷಣಕಾರರು ಅತಿಥಿಗೃಹದ ವಿಷಯಕ್ಕೆ ಮರಳುತ್ತಿದ್ದರೇನೋ. ಅಧಿಕಾರಿ ಕೆಲಸ ಸರಿಯಾಗಿ ಮಾಡಿದರೋ ಇಲ್ಲವೋ ಎಂಬ ನ್ಯಾಯವಾದ ಪ್ರಶ್ನೆ ಉಳಿಯುತ್ತಿತ್ತು. ಅವರ ಹೆಸರು ಆ ಪ್ರಶ್ನೆಯನ್ನು ನುಂಗಿಬಿಟ್ಟಿತು.

ಅದಕ್ಕೆ ಹನ್ನೆರಡು ದಿನ ಮೊದಲು ಮಧ್ಯಪ್ರದೇಶದ ಸಚಿವ ವಿಜಯ್ ಶಾ ಅವರು ಕರ್ನಲ್ ಸೋಫಿಯಾ ಖುರೇಷಿಯವರನ್ನು ಭಯೋತ್ಪಾದಕರ ಸೋದರಿ ಎಂಬರ್ಥದಲ್ಲಿ ಕರೆದಿದ್ದರು. ಅಲ್ಲಿಯ ಹೈಕೋರ್ಟ್ ತಾನಾಗಿಯೇ ಎಫ್‌ಐಆರ್‌ಗೆ ಆದೇಶಿಸಿತು. ಆ ಕರ್ನಲ್ ನಮ್ಮ ಗೋಕಾಕ ತಾಲ್ಲೂಕಿನ ಕೊಣ್ಣೂರಿನ ಸೊಸೆ. ಸೇನೆಯ ಸಮವಸ್ತ್ರವಾಗಲಿ, ಐಎಎಸ್ ಪರೀಕ್ಷೆಯಾಗಲಿ ಒಂದು ಹೆಸರನ್ನು ಅನುಮಾನದಿಂದ ಪಾರು ಮಾಡುವುದಿಲ್ಲ ಎಂದಾದರೆ, ಹುಲಸೂರಿನ ಸಂತೆಯಲ್ಲಿ ಬಳೆ ಮಾರುವವರು, ಹುಮನಾಬಾದಿನ ಗ್ಯಾರೇಜಿನಲ್ಲಿ ದುಡಿಯುವ ಹುಡುಗ ಯಾವ ದಾಖಲೆ ತೋರಿಸಿ ತಮ್ಮನ್ನು ಉಳಿಸಿಕೊಳ್ಳಬೇಕು?

ಪೂರ್ವಗ್ರಹ ಎಲ್ಲರಲ್ಲೂ ಇರುತ್ತದೆ, ರಾಜಕಾರಣಿಯನ್ನೇ ಯಾಕೆ ಹಿಡಿಯುತ್ತೀರಿ ಎಂದು ಕೆಲವರು ಕೇಳುತ್ತಾರೆ. ಕಾರಣವಿದೆ. ಕಟ್ಟೆಯ ಮೇಲೆ ಕುಳಿತವನ ಮಾತು ಹಿಡಿಸದಿದ್ದರೆ ಎದ್ದು ಹೋಗಬಹುದು. ಶಾಸಕರ ಕಚೇರಿಗೆ ಹೋಗದೆ ಬದುಕಲು ಬಡವರಿಗೆ ಆಗುವುದಿಲ್ಲ. ಆಶ್ರಯ ಮನೆ, ವಿಧವಾ ವೇತನ, ಓಣಿಯ ನಳ, ಮಗನ ಹಾಸ್ಟೆಲ್ ಸೀಟು ಎಲ್ಲಕ್ಕೂ ಆ ಬಾಗಿಲು ತಟ್ಟಬೇಕು. 2018ರಲ್ಲಿ ವಿಜಯಪುರದ ಶಾಸಕ ಬಸನಗೌಡ ಪಾಟೀಲ ಯತ್ನಾಳ ಅವರು, ತನಗೆ ಮತ ಕೊಟ್ಟ ಹಿಂದೂಗಳ ಕೆಲಸ ಮಾಡಿ, ಮುಸ್ಲಿಮರದ್ದು ಬೇಡ ಎಂದು ಪಾಲಿಕೆ ಸದಸ್ಯರಿಗೆ ಹೇಳಿರುವುದಾಗಿ ಸಭೆಯಲ್ಲೇ ಸಾರಿದರು. ಟೋಪಿ, ಬುರ್ಖಾ ಹಾಕಿದವರು ತಮ್ಮ ಕಚೇರಿಗೆ ಬರಕೂಡದು ಎಂದೂ ಹೇಳಿದರು. ಅಲ್ಲಿ ಪೂರ್ವಗ್ರಹವು ಮನಸ್ಸಿನಿಂದ ಇಳಿದು ಸರ್ಕಾರದ ಬಾಗಿಲಿಗೇ ಚಿಲಕವಾಯಿತು. 2021ರ ಮೇ ತಿಂಗಳಲ್ಲಿ, ಕೊರೊನಾದಲ್ಲಿ ಜನ ಉಸಿರಿಗಾಗಿ ಒದ್ದಾಡುತ್ತಿದ್ದಾಗ, ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅವರು ಪಾಲಿಕೆಯ ಕೋವಿಡ್ ವಾರ್ ರೂಮಿಗೆ ನುಗ್ಗಿ ಆಸ್ಪತ್ರೆ ಹಾಸಿಗೆ ಹಗರಣದ ಬಗ್ಗೆ ಪ್ರಶ್ನಿಸಿದರು. ಸುಮಾರು 200 ಸಿಬ್ಬಂದಿಯಲ್ಲಿ ಅವರು ಓದಿ ಹೇಳಿದ್ದು ಮುಸ್ಲಿಂ ಹೆಸರುಗಳನ್ನು ಮಾತ್ರ. ಪಕ್ಕದಲ್ಲಿದ್ದ ಶಾಸಕರೊಬ್ಬರು ಇದೇನು ಮದ್ರಸಾವೇ ಎಂದು ಕೇಳಿದರು. ಆ ಹುಡುಗರ ಕೆಲಸ ಹೋಯಿತು, ಫೋಟೊ ಸಹಿತ ಹೆಸರು ಮೊಬೈಲುಗಳಲ್ಲಿ ಹರಿದಾಡಿತು.

ನಮ್ಮ ಸಂವಿಧಾನ ಇದನ್ನು ಮೊದಲೇ ಊಹಿಸಿತ್ತು. ಭಯವಾಗಲಿ ಪಕ್ಷಪಾತವಾಗಲಿ, ಪ್ರೀತಿಯಾಗಲಿ ದ್ವೇಷವಾಗಲಿ ಇಲ್ಲದೆ ಎಲ್ಲ ತರದ ಜನರಿಗೂ ನ್ಯಾಯ ಮಾಡುತ್ತೇನೆಂದು ಸಚಿವರು ಪ್ರಮಾಣ ಮಾಡುತ್ತಾರೆ. ಶಾಸಕರು ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣ ಮಾಡುತ್ತಾರೆ. ತನಗೆ ಮತ ಹಾಕದ ಮನೆಗೂ ಅವರು ಪ್ರತಿನಿಧಿಯೇ. ಧರ್ಮದ ಹೆಸರಿನಲ್ಲಿ ಮತ ಕೇಳುವುದು ಚುನಾವಣಾ ಅಕ್ರಮ ಎಂದು 1951ರ ಪ್ರಜಾಪ್ರತಿನಿಧಿ ಕಾಯ್ದೆಯೇ ಹೇಳುತ್ತದೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರನ ಧರ್ಮವನ್ನು ಮುಂದಿಟ್ಟು ಮತ ಕೇಳುವುದೂ ಅಕ್ರಮವೇ ಎಂದು ಬಹುಮತದಿಂದ ತೀರ್ಪಿತ್ತಿತು. ಕಾನೂನು ಇಷ್ಟು ಸ್ಪಷ್ಟವಿದೆ. ಅದನ್ನು ಬಳಸುವ ಧೈರ್ಯ ಕಡಿಮೆಯಿದೆ.

ಈಗ ನಮ್ಮ ನೆಲಕ್ಕೆ ಬರೋಣ. ಬೀದರ್ ಪಕ್ಕದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹ ವಲಿಯ ಗೋರಿ ಇದೆ. ಅವನನ್ನು ಲಿಂಗಾಯತರು ಅಲ್ಲಮಪ್ರಭು ಎಂದೇ ಭಾವಿಸಿ ನಡೆದುಕೊಳ್ಳುತ್ತಾರೆ. ಕಲಬುರಗಿ ಕಡೆಯ ಮಾಡಿಯಾಳದಿಂದ ಜಂಗಮರು ಬಂದ ಮೇಲೆಯೇ ಅಲ್ಲಿ ಉರುಸು. ಅದೂ ಹಿಂದೂ ಪಂಚಾಂಗದ ಲೆಕ್ಕದಲ್ಲಿ. ಬಸವಕಲ್ಯಾಣ ತಾಲ್ಲೂಕಿನ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕ ಪ್ರಭುಗಳು ಹುಮನಾಬಾದ್ ಪಕ್ಕದ ಮಾಣಿಕನಗರದಲ್ಲಿ ಸಕಲಮತ ಸಂಪ್ರದಾಯ ಕಟ್ಟಿದರು. ಯಾವ ಮತವನ್ನೂ ಅಲ್ಲಗಳೆಯದ ಪಂಥ ಅದು. ಮುಸ್ಲಿಂ ಭಕ್ತರು ಅವರಲ್ಲಿ ಮೆಹಬೂಬ್ ಸುಬಾನಿಯನ್ನು ಕಂಡರು. ಪೀರಲ ಹಬ್ಬದಲ್ಲಿ ದೇವರು ಹೊರುವವರು, ದರ್ಗಾಕ್ಕೆ ಹೋಗಿ ಸಕ್ಕರೆ ಓದಿಸುವವರು ನಿಮ್ಮ ಊರುಗಳಲ್ಲೂ ಇದ್ದಾರೆ. ಇವರಲ್ಲಿ ಬಹುಪಾಲು ಜನ ಸಹಿಷ್ಣುತೆಯ ಬಗ್ಗೆ ಒಂದು ಭಾಷಣವನ್ನೂ ಕೇಳಿದವರಲ್ಲ.

ಇಷ್ಟು ಹೇಳಿ, ನಮ್ಮದು ಸೌಹಾರ್ದದ ನೆಲ ಎಂದು ಕೈಮುಗಿದು ಕುಳಿತರೆ ನಿಮಗೆ ಹಿತವಾಗುತ್ತದೆ. ಅದು ಪೂರ್ಣ ಸತ್ಯವಲ್ಲ. ಇದೇ ನೆಲದಲ್ಲಿ ಗೋರಟಾ ಇದೆ.

1948ರ ಮೇ ತಿಂಗಳಲ್ಲಿ, ಈ ನೆಲ ಇನ್ನೂ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ, ಅವನ ಪರ ನಿಂತ ಸಶಸ್ತ್ರ ರಜಾಕಾರರು ಗೋರಟಾ ಗ್ರಾಮವನ್ನು ಮುತ್ತಿ ಜನರನ್ನು ಕೊಂದರು. ಸತ್ತವರು ಸುಮಾರು 200 ಎಂದು ಹೇಳುತ್ತಾರೆ. ಮನೆ ಸುಟ್ಟಿತು, ಹೊಲ ಬಿಟ್ಟು ಓಡಿದವರು ಗಡಿಯಾಚೆಯ ಶಿಬಿರಗಳಲ್ಲಿ ದಿನ ಕಳೆದರು. ಈ ಸಭೆಯಲ್ಲಿ ಆ ಮನೆಗಳ ಮೊಮ್ಮಕ್ಕಳು ಇರಬಹುದು. ನಿಮ್ಮ ನೆನಪನ್ನು ಯಾರೂ ಸಣ್ಣದು ಮಾಡಬಾರದು. ಸೌಹಾರ್ದದ ಹೆಸರು ಹೇಳಿ ಗೋರಟಾವನ್ನು ಮುಚ್ಚಿಡುವವರು ಸೌಹಾರ್ದಕ್ಕೆ ಉಪಕಾರ ಮಾಡುವುದಿಲ್ಲ.

ಆದರೆ ಆ ವರ್ಷ ಮೇ ತಿಂಗಳಿಗೆ ಮುಗಿಯಲಿಲ್ಲ. ಆಗಸ್ಟಿನಲ್ಲಿ ಹೈದರಾಬಾದಿನ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಅವರನ್ನು ರಜಾಕಾರರು ಬೀದಿಯಲ್ಲಿ ಕೊಂದರು. ಸಂಸ್ಥಾನ ಭಾರತಕ್ಕೆ ಸೇರಬೇಕು ಎಂದು ಬರೆದದ್ದೇ ಅವರ ತಪ್ಪು. ರಜಾಕಾರರ ಕತ್ತಿ ಮುಸ್ಲಿಮನ ಕೈಯನ್ನೂ ಕಡಿಯಿತು. ಸೆಪ್ಟೆಂಬರ್ 13ರಿಂದ 17ರವರೆಗೆ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆ ನಡೆಯಿತು. ಅದರ ಹಿಂದೆಯೇ ಸೇಡಿನ ಅಲೆ ಎದ್ದಿತು. ನೆಹರೂ ಸರ್ಕಾರ ಕಳುಹಿಸಿದ ಪಂಡಿತ್ ಸುಂದರಲಾಲ್ ತಂಡ ಆ ವರ್ಷದ ಕೊನೆಯಲ್ಲಿ ಹಳ್ಳಿ ಹಳ್ಳಿ ಸುತ್ತಿ ವರದಿ ಬರೆಯಿತು. ಸಂಸ್ಥಾನದಲ್ಲಿ ಸತ್ತವರು 27,000ದಿಂದ 40,000 ಎಂಬುದು ಅದರ ಅಂದಾಜು. ಅತಿ ಹೆಚ್ಚು ಕೊಲೆಗಳಾದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ನಾಂದೇಡ್ ಜೊತೆಗೆ ನಮ್ಮ ಗುಲಬರ್ಗಾ, ಬೀದರ್ ಇದ್ದವು. ಸತ್ತವರಲ್ಲಿ ಬಹುಪಾಲು ಮುಸ್ಲಿಮರು. ಅವರಲ್ಲಿ ರಜಾಕಾರರ ಹೆಸರನ್ನು ಕೇಳಿ ನಡುಗುತ್ತಿದ್ದ ಬಡವರೂ ಇದ್ದರು. ಆ ವರದಿ ದಶಕಗಳ ಕಾಲ ಕಪಾಟಿನಲ್ಲಿತ್ತು, ಜನರ ಕೈಗೆ ಬಂದದ್ದು 2013ರ ಹೊತ್ತಿಗೆ. ಅದರಲ್ಲೇ ಇನ್ನೊಂದು ಸಂಗತಿ ದಾಖಲಾಗಿದೆ. ಹಲವು ಊರುಗಳಲ್ಲಿ ಹಿಂದೂ ನೇಕಾರರು ತಮ್ಮ ಜೊತೆಯ ಮುಸ್ಲಿಂ ನೇಕಾರರನ್ನು ಕಾಪಾಡಲು ಅಡ್ಡ ನಿಂತರು, ಕೆಲವೆಡೆ ಪ್ರಾಣವನ್ನೇ ತೆತ್ತರು.

ಆ ನೇಕಾರರಿಗೆ ಸ್ಮಾರಕ ಕಟ್ಟಬೇಕೆಂದು ನಾನು ಇಲ್ಲಿ ಕೇಳುತ್ತೇನೆ. ಗೋರಟಾದ ಸ್ಮಾರಕದ ಪಕ್ಕದಲ್ಲೇ.

ಗೋರಟಾದ ಆ ಸ್ಮಾರಕ ಅನಾವರಣವಾದ ಬಗೆಯನ್ನೂ ಹೇಳಬೇಕು. 2023ರ ಮಾರ್ಚ್ 24ರಂದು, ವಿಧಾನಸಭೆ ಚುನಾವಣೆ ಬಾಗಿಲಲ್ಲಿದ್ದಾಗ, ಅಂದಿನ ರಾಜ್ಯ ಸಚಿವ ಸಂಪುಟ 2ಬಿ ಪ್ರವರ್ಗದಲ್ಲಿ ಮುಸ್ಲಿಮರಿಗಿದ್ದ ಶೇ 4ರ ಮೀಸಲಾತಿಯನ್ನು ತೆಗೆದು ಒಕ್ಕಲಿಗರಿಗೆ, ಲಿಂಗಾಯತರಿಗೆ ಎರಡೆರಡರಂತೆ ಹಂಚಿತು. ಎರಡು ದಿನಗಳ ನಂತರ ಕೇಂದ್ರ ಗೃಹ ಸಚಿವ ಅಮಿತ್ ಶಾ ಅವರು ಗೋರಟಾದಲ್ಲಿ ಹುತಾತ್ಮರ ಸ್ಮಾರಕ, ಪಟೇಲರ ಪ್ರತಿಮೆ ಅನಾವರಣ ಮಾಡಿದರು. ಅದೇ ಸಭೆಯಲ್ಲಿ ಅಲ್ಪಸಂಖ್ಯಾತರ ಮೀಸಲಾತಿ ಸಂವಿಧಾನಬದ್ಧವಲ್ಲ, ಅದನ್ನು ತೆಗೆದಿದ್ದೇವೆ ಎಂದರು. ಮೀಸಲಾತಿ ಚರ್ಚೆ ಮಾಡುವುದು ಪೂರ್ವಗ್ರಹವೆಂದು ನಾನು ಹೇಳುವುದಿಲ್ಲ. ಮಾಡಲಿ. ಚಿನ್ನಪ್ಪ ರೆಡ್ಡಿ ಆಯೋಗದ ವರದಿ ತೆರೆದಿಟ್ಟು, ಈ ಜನ ಶಾಲೆಯಲ್ಲಿ, ನೌಕರಿಯಲ್ಲಿ ಎಷ್ಟು ಹಿಂದಿದ್ದಾರೆ, ಈಗ ಎಷ್ಟು ಮುಂದೆ ಬಂದಿದ್ದಾರೆ ಎಂದು ಅಳೆದು ಮಾತಾಡಲಿ. 1995ರಿಂದ ಇದ್ದ ಮೀಸಲಾತಿಯನ್ನು ಹಾಗೆ ಅಳೆಯದೆ ಕಿತ್ತರೆಂದೇ ಸುಪ್ರೀಂ ಕೋರ್ಟ್ ಏಪ್ರಿಲಿನಲ್ಲಿ ಆ ನಿರ್ಧಾರದ ಬುನಾದಿ ಅಲುಗಾಡುವಂಥದ್ದು ಎಂದು ಮೇಲ್ನೋಟಕ್ಕೆ ಅಭಿಪ್ರಾಯಪಟ್ಟಿತು. ಜಾರಿ ಅಲ್ಲಿಗೆ ನಿಂತಿತು. ನನ್ನ ಆಕ್ಷೇಪ ಜಾಗದ ಬಗ್ಗೆ. 1948ರಲ್ಲಿ ರಜಾಕಾರರಿಂದ ಸತ್ತವರ ಸ್ಮಾರಕದ ಮುಂದೆ 2023ರ ಮುಸ್ಲಿಂ ವಿದ್ಯಾರ್ಥಿನಿಯ ಸೀಟಿನ ಲೆಕ್ಕ ಹೇಳಿದರೆ, ಆ ಹುಡುಗಿ ರಜಾಕಾರರ ವಾರಸುದಾರಳು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಕೇಳುವವರಿಗೆ ತಾನಾಗಿ ಅರ್ಥವಾಗುತ್ತದೆ. ಸತ್ತವರಿಗೂ ಅದು ಗೌರವವಲ್ಲ.

ಬಸವಕಲ್ಯಾಣದ ಪೀರ್ ಪಾಷಾ ಬಂಗಲೆಯೇ ಮೂಲ ಅನುಭವ ಮಂಟಪ ಎಂಬ ಕೂಗು 2022ರಲ್ಲಿ ಎದ್ದಾಗಲೂ ನನ್ನ ನಿಲುವು ಇದೇ ಆಗಿತ್ತು. ಇತಿಹಾಸದ ಪ್ರಶ್ನೆ ಇದ್ದರೆ ದಾಖಲೆ ತನ್ನಿ, ಕೋರ್ಟಿಗೆ ಹೋಗಿ. ಅದಕ್ಕೆ ಜನ ಸೇರಿಸುವುದು ಪ್ರತಿನಿಧಿಗಳ ಕೆಲಸವಲ್ಲ.

ತಲಾಖ್ ಪದ್ಧತಿಯನ್ನು, ಮದ್ರಸಾ ಶಿಕ್ಷಣವನ್ನು, ಮುಸ್ಲಿಂ ಮುಖಂಡರ ಭ್ರಷ್ಟಾಚಾರವನ್ನು ಟೀಕಿಸಬಾರದೇ? ಖಂಡಿತ ಟೀಕಿಸಬೇಕು. ಕನ್ನಡದಲ್ಲಿ ಆ ಕೆಲಸವನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಿದವರು ಲೇಖಕಿಯರಾದ ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್. ಟೀಕೆ ಒಂದು ಕೃತ್ಯವನ್ನು, ಒಂದು ನಿಯಮವನ್ನು ಹಿಡಿಯುತ್ತದೆ. ಪೂರ್ವಗ್ರಹ ಹೆಸರು ಕೇಳಿದ ಕೂಡಲೇ ತೀರ್ಪು ಕೊಡುತ್ತದೆ. ಅದೇ ಬಾನು ಮುಷ್ತಾಕ್ ಅವರನ್ನು 2025ರಲ್ಲಿ ಮೈಸೂರು ದಸರಾ ಉದ್ಘಾಟನೆಗೆ ಕರೆದಾಗ ಮಾಜಿ ಸಂಸದರೊಬ್ಬರು ಹೈಕೋರ್ಟಿಗೆ ಹೋದರು. ಅರ್ಜಿ ವಜಾ ಆಯಿತು. 2017ರಲ್ಲಿ ಅದೇ ದಸರಾ ಉದ್ಘಾಟಿಸಿದವರು ಕೆ.ಎಸ್. ನಿಸಾರ್ ಅಹಮದ್.

ಎಲ್ಲ ಪ್ರತಿನಿಧಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರೆ. 2022ರಲ್ಲಿ ಜಾತ್ರೆಗಳಿಂದ ಮುಸ್ಲಿಂ ವ್ಯಾಪಾರಿಗಳನ್ನು ಹೊರಗಿಡುವ ಫಲಕಗಳು ಎದ್ದಾಗ ಅಂದು ಆಳುತ್ತಿದ್ದ ಬಿಜೆಪಿಯೊಳಗಿಂದಲೇ ಎ.ಎಚ್. ವಿಶ್ವನಾಥ್, ಬೆಳಗಾವಿಯ ಶಾಸಕ ಅನಿಲ ಬೆನಕೆ ವಿರೋಧಿಸಿದರು. ಅವರ ಪಕ್ಷ ಒಪ್ಪಲಿಲ್ಲ, ಅವರು ಹೇಳದೆ ಬಿಡಲಿಲ್ಲ. ಇನ್ನೊಂದು ಕಡೆ, ಮುಸ್ಲಿಮರ ಗೆಳೆಯರೆಂದು ಹೇಳಿಕೊಳ್ಳುವ ಪಕ್ಷಗಳವರು ರಂಜಾನ್‌ನಲ್ಲಿ ಟೋಪಿ ಹಾಕಿ ಇಫ್ತಾರಿಗೆ ಬರುತ್ತಾರೆ, ಅದೇ ಓಣಿಯ ಚರಂಡಿಗೆ ಐದು ವರ್ಷ ಬರುವುದಿಲ್ಲ. ಒಂದು ಸಮುದಾಯವನ್ನು ಮತಗಳ ಗಂಟಾಗಿ ಮಾತ್ರ ನೋಡುವುದೂ ಅವಮಾನವೇ. 2011ರ ಜನಗಣತಿಯಂತೆ ರಾಜ್ಯದಲ್ಲಿ ಮುಸ್ಲಿಮರು ಶೇ 12.9. 2023ರಲ್ಲಿ 224 ಸ್ಥಾನಗಳಲ್ಲಿ ಗೆದ್ದವರು 9. ಟಿಕೆಟ್ ಹಂಚುವ ಎಲ್ಲ ಪಕ್ಷಗಳೂ ಇದಕ್ಕೆ ಉತ್ತರ ಹೇಳಬೇಕು.

ಕಲ್ಯಾಣದಲ್ಲಿ ಬಿಜ್ಜಳನ ಆಸ್ಥಾನದಲ್ಲಿ ಅಧಿಕಾರ ಹಿಡಿದೇ ಬಸವಣ್ಣ ಭೇದವನ್ನು ಅಳಿಸಲು ಹೊರಟವರು. ಹರಳಯ್ಯ, ಮಧುವರಸರ ಮಕ್ಕಳು ಜಾತಿಯ ಗಡಿ ದಾಟಿ ಮದುವೆಯಾದಾಗ ಬಿಜ್ಜಳ ಚಾಡಿಕೋರರ ಮಾತಿಗೆ ಕಿವಿಗೊಟ್ಟ. ಆ ತಂದೆಯರಿಬ್ಬರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಿದರು. ಆಳುವವರ ಕಿವಿ ಯಾರ ಕಡೆ ಇದೆ ಎಂಬುದು ಎಷ್ಟು ಜೀವಗಳ ಪ್ರಶ್ನೆ ಎಂದು ಈ ಊರುಗಳಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ಹುಲಸೂರ ತಾಲ್ಲೂಕು ಹೊಸದು. ರಾಜ್ಯದಲ್ಲಿ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದು ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಗುತ್ತ ಬಂದಿದೆ. ಅದು ನಡೆದಾಗ ಅಭ್ಯರ್ಥಿಗಳು ನಿಮ್ಮ ಅಂಗಳಕ್ಕೆ ಬರುತ್ತಾರೆ. ನಿಮ್ಮ ಜಾತಿಯವರಾಗಲಿ, ನೀವು ಮೆಚ್ಚಿದ ಪಕ್ಷದವರಾಗಲಿ, ನನಗೆ ಮತ ಹಾಕದ ಓಣಿಗೂ ನೀರು ತರುತ್ತೇನೆ ಎಂದು ಅವರ ಬಾಯಿಂದ ಎಲ್ಲರೆದುರು ಹೇಳಿಸಿ. ನೆರೆಯವರ ಹೆಸರನ್ನು ಹಿಡಿದು ಹೀಯಾಳಿಸುವ ಮಾತು ಬಂದರೆ ಚಪ್ಪಾಳೆ ತಟ್ಟಬೇಡಿ. ಎದ್ದು ನಿಂತು, ನಳದ ಮಾತು ಹೇಳಿ ಸಾಹೇಬರೆ ಎನ್ನಿ.